ಲಾಕ್ ಆದ ಕಾರಿನ ಬಾಗಿಲು ತೆರೆಯುವ ಸಾಧನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೀ ಒಳಗೇ ಉಳಿದು ಬಾಗಿಲು ಲಾಕ್ ಆಗಿದೆ. ಯಾರನ್ನಾದರೂ ಕರೆಯುವ ಮೊದಲು ಏನು ನೋಡಬೇಕು?

ಮೊದಲು ಗಾಡಿಯನ್ನು ಒಂದು ಸುತ್ತು ಹಾಕಿ. ನಾಲ್ಕೂ ಬಾಗಿಲು, ಡಿಕ್ಕಿ, ಕಿಟಕಿಗಳ ಮೇಲಂಚು ಎಲ್ಲವನ್ನೂ ಕೈಯಿಂದ ಎಳೆದು ನೋಡಿ. ಸೆಂಟ್ರಲ್ ಲಾಕಿಂಗ್‌ನ ಒಂದು ಮೋಟರ್ ಕೆಟ್ಟಿದ್ದರೆ ಮೂರು ಬಾಗಿಲು ಲಾಕ್ ಆಗಿ ನಾಲ್ಕನೆಯದು ಹಾಗೇ ಉಳಿದಿರುತ್ತದೆ. ಹಳೆಯ ಗಾಡಿಗಳಲ್ಲಿ ಇದು ಅಪರೂಪವೇನಲ್ಲ.

ಆಮೇಲೆ ಮನೆಯಲ್ಲಿರುವ ಎರಡನೇ ಕೀ ನೆನಪಿಸಿಕೊಳ್ಳಿ. ಅದು ಅರ್ಧ ಗಂಟೆಯಲ್ಲಿ ಕೈಗೆ ಸಿಗುವಂತಿದ್ದರೆ ಕಾಯುವುದೇ ಒಳ್ಳೆಯದು. ಯಾವ ಸಾಧನವೂ ಅಷ್ಟು ಸುರಕ್ಷಿತವಲ್ಲ. ಕಾರು ಕಂಪನಿಯ ಆ್ಯಪ್ ನಿಮ್ಮ ಫೋನಿನಲ್ಲಿದ್ದರೆ ಅದರಲ್ಲಿ ರಿಮೋಟ್ ಅನ್‌ಲಾಕ್ ಇದೆಯೇ ನೋಡಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿದ್ದರೆ, ಕೀ ಒಳಗೆ ಸಿಕ್ಕಿಕೊಂಡಾಗ ಬಾಗಿಲು ತೆರೆಸಿಕೊಡುವ ಸೇವೆ ಸಾಮಾನ್ಯವಾಗಿ ಅದರಲ್ಲಿರುತ್ತದೆ. ಆ ನಂಬರು ಕಾರಿನ ಗ್ಲೌವ್ ಬಾಕ್ಸ್‌ನಲ್ಲಷ್ಟೇ ಇದ್ದರೆ ಪ್ರಯೋಜನವಿಲ್ಲ, ಫೋನಿನಲ್ಲೂ ಇರಬೇಕು.

ಕೀ ಒಳಗಿದ್ದಾಗ ಗಾಡಿ ತಾನಾಗಿ ಹೇಗೆ ಲಾಕ್ ಆಗುತ್ತದೆ?

ರಿಮೋಟ್‌ನಲ್ಲಿ ಅನ್‌ಲಾಕ್ ಒತ್ತಿ ಸುಮಾರು 30 ಸೆಕೆಂಡಿನೊಳಗೆ ಯಾವ ಬಾಗಿಲನ್ನೂ ತೆರೆಯದಿದ್ದರೆ ಅನೇಕ ಕಾರುಗಳು ಮತ್ತೆ ಲಾಕ್ ಆಗುತ್ತವೆ. ತೆರೆದ ಕಿಟಕಿಯಿಂದ ಕೀಯನ್ನು ಸೀಟಿನ ಮೇಲೆ ಹಾಕಿ ಸಾಮಾನು ಎತ್ತಲು ಹೋಗುವುದು, ಬ್ಯಾಟರಿ ಟರ್ಮಿನಲ್ ಬಿಚ್ಚಿ ಮತ್ತೆ ಹಾಕುವುದು, ರಿಮೋಟ್ ಇಲ್ಲದ ಗಾಡಿಯಲ್ಲಿ ಒಳಗಿನ ನಾಬ್ ಒತ್ತಿ ಬಾಗಿಲು ಹಾಕುವುದು: ಬಹುಪಾಲು ಪ್ರಕರಣಗಳು ಇವೇ. ಬ್ಯಾಟರಿ ಕೆಲಸ ಮಾಡುವಾಗ ಕೀ ಜೇಬಿನಲ್ಲಿರಲಿ, ಒಂದು ಕಿಟಕಿ ಇಳಿದಿರಲಿ.

ಒಳಗೆ ಮಗು ಸಿಕ್ಕಿಕೊಂಡಿದೆ. ಕೀ ಮಾಡುವವರಿಗೆ ಕಾಯಬಹುದೆ?

ಬಿಸಿಲಿದ್ದರೆ ಕಾಯಬೇಡಿ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಏರುತ್ತದೆ, ಮಗುವಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಒಬ್ಬರು 112ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಗಾಜು ಒಡೆಯಲು ಸಿದ್ಧರಾಗಲಿ. ಮಗು ಮಂಕಾಗಿದ್ದರೆ, ಬೆವರು ನಿಂತಿದ್ದರೆ, ಕೂಗಿದರೆ ಓಗೊಡದಿದ್ದರೆ ಆ ಕ್ಷಣವೇ ಒಡೆಯಿರಿ.

ಮಗುವಿನಿಂದ ಅತಿ ದೂರದ ಬಾಗಿಲಿನ ಗಾಜನ್ನು ಆರಿಸಿಕೊಳ್ಳಿ. ಮುಂದಿನ ದೊಡ್ಡ ಗಾಜಿಗೆ ಕೈ ಹಾಕಬೇಡಿ. ಅದು ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು, ಬಿರುಕು ಬಿಡುತ್ತದೆಯೇ ಹೊರತು ಬೀಳುವುದಿಲ್ಲ. ಬಾಗಿಲಿನ ಗಾಜು ಸಾಮಾನ್ಯವಾಗಿ ಟೆಂಪರ್ಡ್ ಆಗಿದ್ದು ಪುಡಿಪುಡಿಯಾಗಿ ಉದುರುತ್ತದೆ. ಕೆಲವು ಹೊಸ ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್ ಇರುತ್ತದೆ. ಗಾಜಿನ ಮೂಲೆಯಲ್ಲಿ ಕೊರೆದ ಅಕ್ಷರ ಓದಿದರೆ ಗೊತ್ತಾಗುತ್ತದೆ.

ಹೊಡೆಯುವ ಜಾಗ ಗಾಜಿನ ಕೆಳಮೂಲೆ. ನಡುಭಾಗಕ್ಕೆ ಗುಂಡುಕಲ್ಲಿನಿಂದ ಹೊಡೆದರೆ ಗಾಜು ಬಾಗಿ ಪೆಟ್ಟನ್ನು ನುಂಗುತ್ತದೆ, ಕಲ್ಲು ಪುಟಿದು ಬರುತ್ತದೆ. ಬೇಕಾದ್ದು ಮೊನೆ. ಸ್ಪ್ರಿಂಗ್ ಇರುವ ಸೆಂಟರ್ ಪಂಚ್ ಇದ್ದರೆ ಮೂಲೆಗೆ ಇಟ್ಟು ಒತ್ತಿದರೆ ಸಾಕು. ಇಲ್ಲದಿದ್ದರೆ ಹತ್ತಿರದ ಆಟೋ ಅಥವಾ ಟೆಂಪೊದಿಂದ ವೀಲ್ ಸ್ಪ್ಯಾನರ್ ಕೇಳಿ ಅದರ ತುದಿಯಿಂದ ಹೊಡೆಯಿರಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ, ಮುಖ ಬೇರೆ ಕಡೆ ತಿರುಗಿಸಿ. ಹಿಂಬದಿಯ ಚಿಕ್ಕ ತ್ರಿಕೋನ ಗಾಜು ಒಡೆದರೆ ಖರ್ಚು ಕಡಿಮೆ ಎಂಬ ನಂಬಿಕೆ ಇದೆ. ಅಂಟಿಸಿ ಕೂರಿಸುವ ಆ ಗಾಜು ಎಷ್ಟೋ ಮಾದರಿಗಳಲ್ಲಿ ಬಾಗಿಲಿನ ಗಾಜಿಗಿಂತ ದುಬಾರಿ, ಅದರಿಂದ ಕೈ ಲಾಕಿಗೆ ಎಟಕುವುದೂ ಕಷ್ಟ.

ಬೀಗದ ಕೆಲಸದವರ ಚೀಲದಲ್ಲಿ ಏನೇನಿರುತ್ತದೆ?

ಕಾರಿನ ಬಾಗಿಲಿಗೆಂದೇ ಇಟ್ಟುಕೊಳ್ಳುವ ಸಾಮಾನು ಹೆಚ್ಚಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಬೆಣೆಗಳು ಎರಡು ಮೂರು. ಕೈಪಂಪಿನಿಂದ ಗಾಳಿ ತುಂಬುವ ಚಪ್ಪಟೆ ಚೀಲ, ಅಂದರೆ ಏರ್ ವೆಜ್, ಒಂದೆರಡು. ನಾಲ್ಕೈದು ಅಡಿ ಉದ್ದದ, ತುದಿಗೆ ರಬ್ಬರ್ ಹೊದಿಸಿದ ಉಕ್ಕಿನ ಸಲಾಕೆ. ಸ್ಲಿಮ್ ಜಿಮ್ ಎಂಬ ತೆಳ್ಳನೆಯ ಉಕ್ಕಿನ ಪಟ್ಟಿ. ಕೀ ಹಾಕುವ ರಂಧ್ರದಿಂದಲೇ ಬೀಗ ತೆರೆಯುವ ಲೀಶಿ ಪಿಕ್‌ಗಳು. ಇವುಗಳ ಜೊತೆಗೆ ಚಿಕ್ಕ ಟಾರ್ಚು, ಪೇಂಟ್ ಕಾಪಾಡುವ ಟೇಪು, ಒದ್ದೆ ಬಟ್ಟೆ. ಚೀಲದಲ್ಲಿ ಕೊನೆಯ ಮೂರು ಕಾಣಿಸಿದರೆ ಬಂದವರು ಜೋಪಾನದ ಕೆಲಸಗಾರರು ಎಂದುಕೊಳ್ಳಬಹುದು. ಬರೀ ದೊಡ್ಡ ಸ್ಕ್ರೂಡ್ರೈವರ್ ಹಿಡಿದು ಬಂದವರಿಗೆ ಬಾಗಿಲು ಮುಟ್ಟಲು ಬಿಡಬೇಡಿ.

ಬೆಣೆ ಮತ್ತು ಗಾಳಿಚೀಲದ ಕೆಲಸ ಹೇಗೆ?

ಈಗಿನ ಕಾರುಗಳಿಗೆ ಹೆಚ್ಚಾಗಿ ಬಳಸುವುದು ಈ ವಿಧಾನವನ್ನೇ. ಬಾಗಿಲಿನ ಮೇಲುಭಾಗದ ಚೌಕಟ್ಟು ತೆಳು ತಗಡಿನದು. ಅದಕ್ಕೆ ಸ್ವಲ್ಪ ಬಾಗಿ ಮತ್ತೆ ತನ್ನ ಜಾಗಕ್ಕೆ ಮರಳುವ ಗುಣವಿದೆ. ಆ ಗುಣದ ಮಿತಿಯೊಳಗೆ ಕೆಲಸ ಮುಗಿಯಬೇಕು.

ಮೊದಲು ಬಾಗಿಲಿನ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಧೂಳಿನ ಮೇಲೆ ಬೆಣೆ ಜಾರಿಸಿದರೆ ಮರಳಿನ ಕಣಗಳು ಪೇಂಟನ್ನು ಗೀರುತ್ತವೆ. ನಂತರ ಅಂಚಿಗೆ ಟೇಪು. ಮುಂದಿನ ಬಾಗಿಲಿನ ಹಿಂದಿನ ಮೇಲ್ಮೂಲೆಯ ಹತ್ತಿರ, ಅಂದರೆ ಹಿಂಜಿನಿಂದ ಅತಿ ದೂರದಲ್ಲಿ, ಪ್ಲಾಸ್ಟಿಕ್ ಬೆಣೆಯನ್ನು ಕೈಯಿಂದಲೇ ಒತ್ತಿ ಕೂರಿಸುತ್ತಾರೆ. ಸುತ್ತಿಗೆ ಬೇಕಿಲ್ಲ. ಬೆಣೆ ಮಾಡಿದ ಸಂದಿನಲ್ಲಿ ಗಾಳಿ ತೆಗೆದ ಚೀಲವನ್ನು ತೂರಿಸಿ, ಬಿಪಿ ನೋಡುವ ಪಟ್ಟಿಗೆ ಗಾಳಿ ತುಂಬುವ ಹಾಗೆ ರಬ್ಬರ್ ಗುಂಡನ್ನು ನಿಧಾನವಾಗಿ ಒತ್ತುತ್ತಾರೆ. ಸಲಾಕೆ ಒಳಗೆ ಹೋಗಲು 10ರಿಂದ 12 ಮಿಲಿಮೀಟರ್ ಸಂದು ಸಾಕು. ಅಷ್ಟಾದ ಕೂಡಲೇ ಪಂಪ್ ನಿಲ್ಲಬೇಕು.

ಎಡವಟ್ಟು ಆಗುವುದು ಇಲ್ಲೇ. ಚೀಲ ಚಿಕ್ಕದಾಗಿ ಕಂಡರೂ 100 ಕೆಜಿಗೆ ಮೀರಿದ ಭಾರ ಎತ್ತಬಲ್ಲದು. ಸಲಾಕೆ ಆಡಿಸಲು ಜಾಗ ಸಾಲದೆಂದು ಇನ್ನಷ್ಟು ಗಾಳಿ ತುಂಬಿದರೆ ಚೌಕಟ್ಟು ಮರಳಲಾರದಷ್ಟು ಬಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗಕ್ಕೆ ಹೋದಾಗ ಸುಯ್ ಎಂಬ ಗಾಳಿಯ ಸದ್ದು ಶುರುವಾಗುತ್ತದೆ, ಮಳೆಗಾಲದಲ್ಲಿ ಸೀಟಿನ ಮೇಲೆ ನೀರು ಇಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗೆ ಇಂಥ ಬಾಗಿಲು ಒಂದು ವಾರವೂ ತಡೆಯದು. ನೆಲದ ಮ್ಯಾಟಿನ ಕೆಳಗೆ ನೀರು ನಿಂತು ವೈರಿಂಗ್ ಕನೆಕ್ಟರ್‌ಗಳಿಗೆ ತುಕ್ಕು ಹಿಡಿಯುತ್ತದೆ.

ಇನ್ನೊಂದು ತಪ್ಪು, ಚೀಲವನ್ನು ಗಾಜಿಗೆ ತಾಗಿಸಿ ಇಡುವುದು. ಒತ್ತಡ ಬೀಳಬೇಕಾದ್ದು ಬಾಗಿಲಿನ ಚೌಕಟ್ಟಿಗೂ ಪಿಲ್ಲರಿಗೂ (ಬಾಗಿಲು ಬಂದು ಕೂರುವ ಕಾರಿನ ಕಂಬ) ನಡುವೆ, ಗಾಜಿನ ಮೇಲಲ್ಲ. ಚೌಕಟ್ಟೇ ಇಲ್ಲದೆ ಬರೀ ಗಾಜು ಮೇಲೆದ್ದು ನಿಲ್ಲುವ ಬಾಗಿಲಿರುವ ಕಾರುಗಳಿಗೆ, ಉದಾಹರಣೆಗೆ ಮಿನಿ ಕೂಪರ್‌ನ ಎರಡು ಬಾಗಿಲಿನ ಮಾದರಿಗೆ, ಈ ವಿಧಾನ ಹೊಂದುವುದಿಲ್ಲ.

ಸಲಾಕೆ ಒಳಗೆ ಹೋದ ಮೇಲೆ ಏನನ್ನು ಒತ್ತುತ್ತದೆ?

ಅದು ಗಾಡಿಯನ್ನು ಅವಲಂಬಿಸಿದೆ. ಎಂಜಿನ್ ಓಡುತ್ತಿರುವಾಗ ಲಾಕ್ ಆಗಿದ್ದರೆ ಪವರ್ ವಿಂಡೋ ಸ್ವಿಚ್ಚೇ ಸುಲಭದ ಗುರಿ. ಈಗಿನ ಸ್ವಿಚ್ಚುಗಳನ್ನು ಕೆಳಗೆ ಒತ್ತಿದರೆ ಗಾಜು ಇಳಿಯುತ್ತದೆ, ಮೇಲಕ್ಕೆ ಎಳೆದರೆ ಏರುತ್ತದೆ. ಸಲಾಕೆಗೆ ಒತ್ತುವುದು ಸಲೀಸು. ಇಗ್ನಿಷನ್ ಆಫ್ ಆಗಿದ್ದರೆ ಈ ದಾರಿ ಸಾಮಾನ್ಯವಾಗಿ ಮುಚ್ಚಿದಂತೆ.

ಎರಡನೆಯದು ಒಳಗಿನ ಹಿಡಿಕೆ. ಕೆಲವು ಕಾರುಗಳಲ್ಲಿ ಲಾಕ್ ಆಗಿದ್ದರೂ ಒಳಹಿಡಿಕೆಯನ್ನು ಒಮ್ಮೆ ಎಳೆದರೆ ಬಾಗಿಲು ತೆರೆಯುತ್ತದೆ, ಕೆಲವಕ್ಕೆ ಎರಡು ಸಲ ಎಳೆಯಬೇಕು: ಮೊದಲ ಎಳೆತಕ್ಕೆ ಅನ್‌ಲಾಕ್, ಎರಡನೆಯದಕ್ಕೆ ತೆರೆತ. ಇನ್ನು ಕೆಲವಲ್ಲಿ ಲಾಕ್ ನಾಬ್ ಸರಿಸದೆ ಹಿಡಿಕೆ ಎಷ್ಟು ಎಳೆದರೂ ವ್ಯರ್ಥ. ಡ್ಯಾಶ್‌ಬೋರ್ಡಿನ ಅನ್‌ಲಾಕ್ ಬಟನ್ ಒತ್ತುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಹೊರಗಿನಿಂದ ರಿಮೋಟ್‌ನಲ್ಲಿ ಲಾಕ್ ಮಾಡಿದಾಗ ಆ ಬಟನ್ ಕೆಲಸ ಮಾಡದಂತೆ ಎಷ್ಟೋ ಕಂಪನಿಗಳು ಮಾಡಿವೆ.

ಅನುಭವಿಗಳು ಸಲಾಕೆಯನ್ನು ಎದುರು ಬಾಗಿಲಿನ ಕಡೆಗೆ ಚಾಚುವುದೂ ಉಂಟು. ಚಾಲಕನ ಬದಿಯಿಂದ ಹಾಕಿ ಪಕ್ಕದ ಸೀಟಿನ ಬಾಗಿಲಿನ ಹಿಡಿಕೆ ಹಿಡಿದರೆ ನೋಟ ನೇರ, ಕೈಗೆ ಆಡುವಷ್ಟು ಜಾಗ. ಕೀ ಸೀಟಿನ ಮೇಲೆ ಕಾಣುತ್ತಿದ್ದರೆ ರಿಮೋಟಿನ ಬಟನ್ನನ್ನೇ ಸಲಾಕೆಯ ತುದಿಯಿಂದ ಒತ್ತಬಹುದು. ಸಲಾಕೆಯ ತುದಿಗೆ ರಬ್ಬರ್ ಹೊದಿಕೆ ಹರಿದಿದ್ದರೆ ಡೋರ್ ಪ್ಯಾಡ್ (ಬಾಗಿಲಿನ ಒಳಹೊದಿಕೆ), ಸೀಟಿನ ಲೆದರ್, ಟಚ್‌ಸ್ಕ್ರೀನ್ ಎಲ್ಲದರ ಮೇಲೂ ಗೀರು ಬೀಳುತ್ತದೆ. ಕೆಲಸ ಶುರುವಾಗುವ ಮೊದಲು ಆ ತುದಿಯನ್ನು ನೋಡಿ.

ಸ್ಟೀಲ್ ಸ್ಕೇಲ್ ಹಾಕಿ ಒಂದೇ ನಿಮಿಷದಲ್ಲಿ ತೆಗೆಯುತ್ತಿದ್ದರಲ್ಲ, ಈಗ ಯಾಕೆ ಆಗದು?

ಸ್ಲಿಮ್ ಜಿಮ್ ಪಟ್ಟಿಯಾಗಲಿ ಗ್ಯಾರೇಜಿನ ಸ್ಟೀಲ್ ಸ್ಕೇಲ್ ಆಗಲಿ, ತತ್ವ ಒಂದೇ. ಗಾಜಿಗೂ ಹೊರಗಿನ ರಬ್ಬರ್ ಬೀಡಿಂಗಿಗೂ ನಡುವೆ ಇಳಿಸಿ, ಬಾಗಿಲಿನ ಹೊಟ್ಟೆಯೊಳಗೆ ಲಾಕಿಗೆ ಹೋಗುವ ಕಡ್ಡಿಯನ್ನು ಪಟ್ಟಿಯ ಕಚ್ಚಿಗೆ ಸಿಕ್ಕಿಸಿ ಎಳೆಯುವುದು. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಂಥ ಸರಳ ಬಾಗಿಲಿನಲ್ಲಿ ಆ ಕಡ್ಡಿಗಳಿಗೆ ಮರೆಯಿರಲಿಲ್ಲ.

ಈಗ ಹಲವು ಬಾಗಿಲುಗಳಲ್ಲಿ ಕಡ್ಡಿಯ ಬದಲು ಕೊಳವೆಯೊಳಗೆ ಓಡುವ ಕೇಬಲ್ ಇದೆ. ಲಾಕಿನ ಸುತ್ತ ಪ್ಲಾಸ್ಟಿಕ್ ಕವಚವಿದೆ. ಕಚ್ಚಿಗೆ ಸಿಕ್ಕುವುದು ಬೇರೆಯೇ: ಪವರ್ ವಿಂಡೋ ವೈರು, ಸ್ಪೀಕರ್ ವೈರು, ಗಾಜು ಎತ್ತುವ ರೆಗ್ಯುಲೇಟರ್. ಕುರುಡಾಗಿ ಎಳೆದಾಗ ಕಡ್ಡಿಯ ಪ್ಲಾಸ್ಟಿಕ್ ಕ್ಲಿಪ್ ಕಳಚಿದರೆ ಬಾಗಿಲು ಆಮೇಲೆ ಒಳಗಿನಿಂದಲೂ ತೆರೆಯದು, ಡೋರ್ ಪ್ಯಾಡ್ ಬಿಚ್ಚಲೇಬೇಕು. ಬಾಗಿಲು ಮುಚ್ಚಿರುವಾಗ ಪ್ಯಾಡ್ ಬಿಚ್ಚುವುದು ಎಂಥ ಪಾಡು ಎಂದು ಯಾವ ಮೆಕ್ಯಾನಿಕ್‌ನನ್ನು ಬೇಕಾದರೂ ಕೇಳಿ. ಹತ್ತು ವರ್ಷದೊಳಗಿನ ಕಾರಿಗೆ ಯಾರಾದರೂ ಪಟ್ಟಿ ಇಳಿಸಲು ಹೊರಟರೆ ಬೇಡವೆನ್ನಿ.

ಪಟ್ಟಿ ತಾಗಿ ಏರ್‌ಬ್ಯಾಗ್ ಸಿಡಿಯುತ್ತದೆಯೆ?

ಪಕ್ಕದ ಏರ್‌ಬ್ಯಾಗ್ ಬಹುಪಾಲು ಕಾರುಗಳಲ್ಲಿ ಸೀಟಿನ ಬದಿಯಲ್ಲಿ, ಕರ್ಟನ್ ಏರ್‌ಬ್ಯಾಗ್ ಛಾವಣಿಯ ಅಂಚಿನಲ್ಲಿ ಇರುತ್ತದೆ. ಬಾಗಿಲಿನೊಳಗೆ ಪಟ್ಟಿ ಆಡಿಸಿದ್ದಕ್ಕೆ ಅದು ಸಿಡಿದು ಯಾರನ್ನೋ ಕೊಂದಿತು ಎಂಬುದು ಬಾಯಿಂದ ಬಾಯಿಗೆ ಹಬ್ಬಿದ ಮಾತು. ನಿಜವಾಗಿ ಹೆದರಬೇಕಾದ್ದು ಬೇರೆ. ಕೆಲವು ಕಾರುಗಳ ಬಾಗಿಲಿನೊಳಗೆ ಡಿಕ್ಕಿಯಾದದ್ದನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಅದರ ವೈರು ತುಂಡಾದರೆ ಏರ್‌ಬ್ಯಾಗ್ ದೀಪ ಉರಿಯುತ್ತಲೇ ಇರುತ್ತದೆ, ಅಪಘಾತವಾದಾಗ ಬ್ಯಾಗ್ ತೆರೆಯದೇ ಹೋಗಬಹುದು.

ಲೀಶಿ ಪಿಕ್ ಅಂದರೇನು?

ಚೀನಾದ ಲೀ ಎಂಬವರು ರೂಪಿಸಿದ ಸಾಧನ. ಬೀಗ ತೆರೆಯುವ ಪಿಕ್ ಮತ್ತು ಅಳತೆ ಓದುವ ಪಟ್ಟಿ ಎರಡೂ ಒಂದರಲ್ಲೇ ಇವೆ. ಕಾರಿನ ಬೀಗದೊಳಗೆ ವೇಫರ್ ಎಂಬ ತೆಳ್ಳನೆಯ ಹಿತ್ತಾಳೆ ಬಿಲ್ಲೆಗಳು ಸಾಲಾಗಿರುತ್ತವೆ. ಸರಿಯಾದ ಕೀ ಹೋದಾಗ ಎಲ್ಲ ಬಿಲ್ಲೆಗಳೂ ಒಂದೇ ಮಟ್ಟಕ್ಕೆ ಬಂದು ಬೀಗ ತಿರುಗುತ್ತದೆ. ಲೀಶಿಯ ತೋಳು ಒಂದೊಂದೇ ಬಿಲ್ಲೆಯನ್ನು ಮುಟ್ಟುತ್ತದೆ, ಅದರ ಮೇಲಿನ ಗೀಟುಗಳು ಯಾವ ಬಿಲ್ಲೆ ಎಷ್ಟು ಆಳ ಎಂದು ತೋರಿಸುತ್ತವೆ. ಆ ಅಂಕಿಗಳನ್ನು ಕೀ ಕಟಿಂಗ್ ಮೆಷಿನ್ನಿಗೆ ಕೊಟ್ಟು ಹೊಸ ಕೀಯನ್ನೇ ಕತ್ತರಿಸಬಹುದು. ಎಲ್ಲ ಕೀ ಕಳೆದುಕೊಂಡವರಿಗೆ ಇದರ ಬೆಲೆ ಅಲ್ಲಿದೆ.

ಒಂದೇ ಲೀಶಿ ಎಲ್ಲ ಗಾಡಿಗೂ ಆಗದು, ಕೀಯ ಅಡ್ಡಸೀಳಿಗೆ ತಕ್ಕ ಮಾದರಿ ಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾಗೆ ಎಚ್‌ಯು66, ಹೊಂಡಾಗೆ ಎಚ್‌ಒಎನ್66, ಫೋರ್ಡಿಗೆ ಎಚ್‌ಯು101, ನಿಸ್ಸಾನಿಗೆ ಎನ್‌ಎಸ್‌ಎನ್14, ಹೀಗೆ. ಅದಕ್ಕೇ ಕರೆ ಮಾಡುವಾಗ ಬ್ರ್ಯಾಂಡ್, ಮಾದರಿ, ವರ್ಷ ಮೂರನ್ನೂ ಹೇಳಿ. ಕೀಯ ಅಂಚು ಹಲ್ಲುಹಲ್ಲಾಗಿದೆಯೋ ನಡುವೆ ಕೊರೆದ ಗೆರೆ ಇದೆಯೋ ಅದನ್ನೂ ಹೇಳಿದರೆ ಒಂದು ಓಡಾಟ ಉಳಿಯುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಬಾಗಿಲಿಗೆ ಅತಿ ಕಡಿಮೆ ನೋವು ಕೊಡುವ ದಾರಿ ಇದೇ. ಪೇಂಟ್, ಚೌಕಟ್ಟು, ಬೀಡಿಂಗ್ ಯಾವುದನ್ನೂ ಮುಟ್ಟುವುದಿಲ್ಲ. ಕೆಲಸ ತಿಳಿದವರಿಗೂ ಸಮಯ ಹೆಚ್ಚು ಹಿಡಿಯಬಹುದು, ಕೂಲಿಯೂ ಹೆಚ್ಚಿರಬಹುದು. ಆದರೂ ಯೋಗ್ಯ.

ಇದು ಸೋಲುವುದು ಬೀಗದಲ್ಲಿ ಧೂಳು, ತುಕ್ಕು ತುಂಬಿದಾಗ. ರಿಮೋಟ್ ಬಂದ ಮೇಲೆ ಬಾಗಿಲಿನ ರಂಧ್ರಕ್ಕೆ ಯಾರೂ ಕೀ ಹಾಕುವುದಿಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ ನಾಲ್ಕಾರು ವರ್ಷ ಹೀಗೇ ಬಿಟ್ಟ ಬಿಲ್ಲೆಗಳು ಅಂಟಿಕೊಂಡು, ಕಂಪನಿಯ ಅಸಲಿ ಕೀಗೂ ತಿರುಗುವುದಿಲ್ಲ. ತಿಂಗಳಿಗೊಮ್ಮೆ ಕೀಯಿಂದಲೇ ಬಾಗಿಲು ತೆರೆಯಿರಿ, ವರ್ಷಕ್ಕೆರಡು ಸಲ ಗ್ರಾಫೈಟ್ ಪುಡಿ ಅಥವಾ ಒಣಗುವ ಟೆಫ್ಲಾನ್ ಸ್ಪ್ರೇ ಹಾಕಿ. ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್ ಬೇಡ, ಧೂಳನ್ನು ಹಿಡಿದು ಮೇಣದಂತಾಗುತ್ತದೆ.

ಸಲಾಕೆಯಿಂದ ಹಿಡಿಕೆ ಎಳೆದರೂ ಬಾಗಿಲು ತೆರೆಯಲಿಲ್ಲ. ಯಾಕೆ?

ಡೆಡ್‌ಲಾಕ್ ಇರಬಹುದು. ಯುರೋಪಿನ ಕೆಲವು ಕಾರುಗಳಲ್ಲಿ ರಿಮೋಟ್‌ನಿಂದ ಲಾಕ್ ಮಾಡಿದಾಗ ಒಳಹಿಡಿಕೆಗೂ ಲಾಕಿಗೂ ಇರುವ ಸಂಪರ್ಕವೇ ತಪ್ಪುತ್ತದೆ. ಗಾಜು ಒಡೆದರೂ ಒಳಗಿನಿಂದ ಬಾಗಿಲು ತೆರೆಯಬಾರದೆಂದೇ ಮಾಡಿದ ಏರ್ಪಾಟು ಅದು. ಅಂಥ ಗಾಡಿಯಲ್ಲಿ ಗಾಳಿಚೀಲ ಬಿಟ್ಟು ಕೀ ರಂಧ್ರದಿಂದಲೇ ಕೆಲಸ ಮಾಡಬೇಕು.

ರಿಮೋಟ್ ಕೈಯಲ್ಲೇ ಇದೆ, ಆದರೂ ಬಾಗಿಲು ತೆರೆಯುತ್ತಿಲ್ಲ.

ಇದಕ್ಕೆ ಯಾರನ್ನೂ ಕರೆಸಬೇಕಿಲ್ಲ. ರಿಮೋಟಿನ ಸೆಲ್ ಮುಗಿದಿರುತ್ತದೆ, ಇಲ್ಲವೇ ಕಾರಿನ ಬ್ಯಾಟರಿ. ಸ್ಮಾರ್ಟ್ ಕೀಯ ಬದಿಯಲ್ಲಿ ಚಿಕ್ಕ ಗುಂಡಿಯೋ ಜಾರುಬಟನ್ನೋ ಇರುತ್ತದೆ. ಅದನ್ನು ಒತ್ತಿ ಎಳೆದರೆ ಲೋಹದ ಕೀ ಹೊರಬರುತ್ತದೆ. ಚಾಲಕನ ಬಾಗಿಲಿನ ಹಿಡಿಕೆಯಲ್ಲಿ ರಂಧ್ರ ಕಾಣದಿದ್ದರೆ ಹಿಡಿಕೆಯ ತುದಿಯ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಹುಡುಕಿ. ಅದರ ಅಡಿಯಲ್ಲಿ ಸಣ್ಣ ಸೀಳು ಇರುತ್ತದೆ, ಕೀಯ ತುದಿಯಿಂದ ನಿಧಾನವಾಗಿ ಎಬ್ಬಿಸಿ.

ಒಳಗೆ ಕುಳಿತ ಮೇಲೆ ಸೆಲ್ ಸತ್ತ ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಬ್ರೇಕ್ ತುಳಿದು ಸ್ಟಾರ್ಟ್ ಮಾಡಿ. ಹ್ಯುಂಡೈ ಕಾರುಗಳಲ್ಲಿ ಕೀಯಿಂದಲೇ ಬಟನ್ ಒತ್ತುವುದು ಕ್ರಮ. ಕೆಲವು ಗಾಡಿಗಳಲ್ಲಿ ಕೀ ಇಡಲು ಬೇರೆ ಜಾಗವಿದೆ, ಕೈಪಿಡಿಯಲ್ಲಿ ಬರೆದಿರುತ್ತದೆ. ಬಹುಪಾಲು ಕೀಗಳಲ್ಲಿ ಇರುವುದು ಸಿಆರ್2032 ಸೆಲ್, ವಾಚ್ ಅಂಗಡಿಯಲ್ಲಿ ಸಿಗುತ್ತದೆ.

ಕೀ ಡಿಕ್ಕಿಯೊಳಗೆ ಬಿದ್ದಿದೆ.

ಡಿಕ್ಕಿಗೆ ಬೆಣೆ ಹಾಕಬೇಡಿ. ಮೊದಲು ಬಾಗಿಲು, ಆಮೇಲೆ ಒಳಗಿನ ಡಿಕ್ಕಿ ಲಿವರ್ ಅಥವಾ ಬಟನ್. ಹ್ಯಾಚ್‌ಬ್ಯಾಕ್ ಆದರೆ ಹಿಂದಿನ ಸೀಟು ಮಡಚಿ ಕೈ ಹಾಕಬಹುದು.

ಟೆನಿಸ್ ಬಾಲ್ ಒತ್ತಿ, ಫೋನಿನಲ್ಲಿ ರಿಮೋಟ್ ಸದ್ದು ಕೇಳಿಸಿ ತೆರೆಯುವ ವಿಡಿಯೊಗಳು ನಿಜವೆ?

ಎರಡೂ ಸುಳ್ಳು. ತೂತು ಮಾಡಿದ ಚೆಂಡನ್ನು ಒತ್ತಿದಾಗ ಬರುವ ಗಾಳಿಗೆ ಬೀಗದ ಕಡ್ಡಿ ಸರಿಸುವ ಬಲವಿಲ್ಲ, ರಂಧ್ರದಿಂದ ಗಾಳಿ ಸೋರಿಹೋಗುತ್ತದೆ. ರಿಮೋಟ್ ಕಳಿಸುವುದು ರೇಡಿಯೊ ತರಂಗ, ಸದ್ದಲ್ಲ. ಫೋನಿನ ಮೈಕಿಗೆ ಅದು ಕೇಳುವುದೇ ಇಲ್ಲ. ಪಾರ್ಸೆಲ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯ ಕುಣಿಕೆ ಮಾತ್ರ ನಿಜವಾದ ಉಪಾಯ, ಅದೂ ಗಾಜಿನ ಬುಡದಲ್ಲಿ ನೆಟ್ಟಗೆ ನಿಂತ, ತಲೆ ದಪ್ಪಗಿರುವ ನಾಬ್ ಇದ್ದರೆ. ಹೊಸ ಕಾರುಗಳಲ್ಲಿ ಅಂಥ ನಾಬ್ ಕಡಿಮೆ.

ಬಾಗಿಲು ತೆರೆದರೆ ಬೇರೆಯವರು ಗಾಡಿ ಓಡಿಸಿಕೊಂಡು ಹೋಗಬಹುದಲ್ಲ?

ಬಾಗಿಲಿನ ಬೀಗ ಬೇರೆ, ಎಂಜಿನ್ ಇಮೊಬಿಲೈಜರ್ ಬೇರೆ. ಕೀಯ ತಲೆಯೊಳಗಿನ ಚಿಪ್ಪನ್ನು ಗಾಡಿಯ ಕಂಪ್ಯೂಟರ್ ಗುರುತಿಸದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ಎಲ್ಲ ಕೀ ಕಳೆದವರಿಗೆ ಬಾಗಿಲು ತೆರೆಯುವುದು ಅರ್ಧ ಕೆಲಸ ಮಾತ್ರ. ಚಿಪ್ ಜೋಡಿಸುವ ಕೆಲಸವನ್ನು ಕಂಪನಿ ಸರ್ವೀಸ್ ಸೆಂಟರಿನಲ್ಲೋ ಬಿಲ್ ಕೊಡುವ ಅಂಗಡಿಯಲ್ಲೋ ಮಾಡಿಸಿ, ಕಳೆದ ಕೀಯ ನೋಂದಣಿಯನ್ನು ಅಳಿಸಲು ಹೇಳಿ.

ದಾಖಲೆ ಕೇಳುತ್ತಾರೆ, ಎಲ್ಲವೂ ಕಾರಿನೊಳಗೇ ಇದೆ. ಏನು ಮಾಡುವುದು?

ಕೇಳುವುದು ಸರಿ. ಕೇಳದೆ ಯಾರ ಕಾರನ್ನು ಬೇಕಾದರೂ ತೆರೆದುಕೊಡುವವರನ್ನು ನಂಬಬಾರದು, ನಾಳೆ ನಿಮ್ಮ ಕಾರನ್ನೂ ಹಾಗೇ ತೆರೆದಾರು. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಆರ್‌ಸಿ ತೋರಿಸಿ, ಜೊತೆಗೆ ಫೋಟೊ ಇರುವ ಗುರುತಿನ ಚೀಟಿ. ಗಾಡಿ ಮನೆಯ ಬೇರೆಯವರ ಹೆಸರಿನಲ್ಲಿದ್ದರೆ ಅವರೊಡನೆ ವಿಡಿಯೊ ಕರೆ ಮಾಡಿಸಿ. ಕೀ ಕಳೆದುಹೋಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ವರದಿ ದಾಖಲಿಸಿ. ಹೊಸ ಕೀಗೆ ಇನ್ಶೂರೆನ್ಸ್ ಕ್ಲೇಮ್ ಮಾಡುವಾಗ ಆ ಪ್ರತಿ ಉಪಯೋಗಕ್ಕೆ ಬರುತ್ತದೆ.

ಆನ್‌ಲೈನ್‌ನಲ್ಲಿ ಕಿಟ್ ಸಿಗುತ್ತದೆ. ಕೊಂಡು ಇಟ್ಟುಕೊಳ್ಳಲೆ?

ಬೇಡ. ಕಾರಿನಲ್ಲಿಟ್ಟರೆ ಅದೂ ಒಳಗೇ ಸಿಕ್ಕಿಕೊಳ್ಳುತ್ತದೆ, ಅಭ್ಯಾಸವಿಲ್ಲದ ಕೈಗೆ ಗಾಳಿಚೀಲ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ಅದೇ ದುಡ್ಡಿಗೆ ಚಿಪ್ ಇಲ್ಲದ, ಬಾಗಿಲು ಮಾತ್ರ ತೆರೆಯುವ ಒಂದು ಸಾದಾ ಕೀ ಕತ್ತರಿಸಿಕೊಂಡು ಪರ್ಸಿನಲ್ಲಿಡಿ.

ಕೆಲಸ ಮುಗಿದ ಮೇಲೆ ಏನೇನು ಪರೀಕ್ಷಿಸಬೇಕು?

ಬಾಗಿಲು ತೆರೆದ ಕೂಡಲೇ ಅಲಾರಂ ಕೂಗಿದರೆ ಗಾಬರಿ ಬೇಡ, ರಿಮೋಟಿನ ಅನ್‌ಲಾಕ್ ಒತ್ತಿದರೆ ನಿಲ್ಲುತ್ತದೆ. ಚೀಲದ ಗಾಳಿ ಪೂರ್ತಿ ಬಿಟ್ಟ ಮೇಲೇ ಅದನ್ನು ಹೊರತೆಗೆಯಬೇಕು, ಎಳೆದರೆ ಬೀಡಿಂಗ್ ಕಿತ್ತು ಬರುತ್ತದೆ.

ಆಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಬೆಣೆ ಹಾಕಿದ ಮೂಲೆಯಲ್ಲಿ ಅದನ್ನಿಟ್ಟು ಬಾಗಿಲು ಮುಚ್ಚಿ, ಹೊರಗಿನಿಂದ ಎಳೆಯಿರಿ. ಹಾಳೆ ಬಿಗಿಯಾಗಿ ತಡೆದರೆ ಬೀಡಿಂಗ್ ಸರಿಯಾಗಿ ಕೂತಿದೆ. ಸರಾಗವಾಗಿ ಜಾರಿ ಬಂದರೆ ಚೌಕಟ್ಟು ಬಾಗಿದೆ. ಎದುರು ಬದಿಯ ಬಾಗಿಲಿನಲ್ಲೂ ಹೀಗೆ ಮಾಡಿ ಹೋಲಿಸಿ. ಬಾಗಿಲಿನ ಹೊರಮೈಯ ಸಂದು ಮೇಲಿಂದ ಕೆಳಗೆ ಒಂದೇ ಅಗಲವಿದೆಯೇ ಎಂದು ಬೆಳಕಿನಲ್ಲಿ ನೋಡಿ. ಗಾಜನ್ನು ಪೂರ್ತಿ ಇಳಿಸಿ ಏರಿಸಿ, ಲಾಕನ್ನು ರಿಮೋಟ್, ಕೀ, ಒಳನಾಬ್ ಮೂರರಿಂದಲೂ ಪ್ರಯತ್ನಿಸಿ. ಪೈಪಿನಿಂದ ಎರಡು ನಿಮಿಷ ಮೇಲ್ಮೂಲೆಗೆ ನೀರು ಬಿಟ್ಟು ಒಳಗೆ ಒದ್ದೆಯಾಯಿತೇ ನೋಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಕೂಲಿಯನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಂಡು, ಹಣವನ್ನು ಇಷ್ಟೂ ನೋಡಿದ ಮೇಲೆ ಕೊಡಿ.